‘ಗರ್ಮ್ ಹವಾ’ದ ಮದುವೆ ಮನೆ ಮತ್ತು ಒಂದು ಪಾಸ್‌ಪೋರ್ಟು

ಎಂ.ಎಸ್. ಸತ್ಯು ಅವರ ‘ಗರ್ಮ್ ಹವಾ’ ಚಿತ್ರದ ಬಗ್ಗೆ ಬರೆಯುವವರೆಲ್ಲ ಸಾಮಾನ್ಯವಾಗಿ ಮೂರು ದೃಶ್ಯಗಳನ್ನು ನೆನೆಯುತ್ತಾರೆ. ಬಂಧುಗಳನ್ನು ಒಬ್ಬೊಬ್ಬರಾಗಿ ರೈಲು ಹತ್ತಿಸಿ ಬರುವ ಸಲೀಂ ಮಿರ್ಜಾ, ಹವೇಲಿ ಬಿಟ್ಟು ಬರಲೊಲ್ಲದೆ ಸೌದೆ ಕೋಣೆಯಲ್ಲಿ ಅಡಗಿ ಕೂರುವ ಮುದುಕಿ ತಾಯಿ, ಕಡೆಗೆ ಟಾಂಗಾದಿಂದ ಇಳಿದು ಮೆರವಣಿಗೆ ಸೇರಿಕೊಳ್ಳುವ ತಂದೆ ಮಗ. ಈ ಮೂರೂ ದೊಡ್ಡ ದೃಶ್ಯಗಳೇ, ಅನುಮಾನವಿಲ್ಲ. ಆದರೆ ನನ್ನನ್ನು ಬಹಳ ವರ್ಷಗಳಿಂದ ಬಿಡದೆ ಕಾಡುತ್ತಿರುವುದು ನಾಲ್ಕನೆಯದೊಂದು ದೃಶ್ಯ. ಅದರ ಬಗ್ಗೆ ಮಾತಾಡಿದವರು ಕಡಿಮೆ.

ಸಲೀಂ ಮಿರ್ಜಾನ ಮಗಳು ಅಮೀನಾಳಿಗೂ ದೊಡ್ಡಪ್ಪನ ಮಗ ಕಾಜಿಮ್‌ಗೂ ಮದುವೆ ನಿಶ್ಚಯವಾಗಿರುತ್ತದೆ. ದೊಡ್ಡಪ್ಪ ಹಲೀಂ ಮಿರ್ಜಾ ಮುಸ್ಲಿಂ ಲೀಗಿನ ಮುಂದಾಳು. ವೇದಿಕೆಯ ಮೇಲೆ ‘ನಾನಂತೂ ಇಲ್ಲೇ ಇರುವವನು’ ಎಂದು ಹೇಳಿ, ಸದ್ದಿಲ್ಲದೆ ಸಂಸಾರ ಸಮೇತ ಪಾಕಿಸ್ತಾನಕ್ಕೆ ಹೊರಟು ಹೋಗುತ್ತಾನೆ. ಅಲ್ಲಿ ಮಗನಿಗೆ ಬೇರೆ ಸಂಬಂಧ ನೋಡುತ್ತಾನೆ. ಕಾಜಿಮ್ ಒಪ್ಪದೆ ಕದ್ದು ಆಗ್ರಾಕ್ಕೆ ಬರುತ್ತಾನೆ. ಮನೆಯಲ್ಲಿ ಮದುವೆಯ ಸಡಗರ ಶುರುವಾಗುತ್ತದೆ. ಅಷ್ಟರಲ್ಲಿ ಪೊಲೀಸರು ಬರುತ್ತಾರೆ. ಕಾಜಿಮ್ ಬಳಿ ಪಾಸ್‌ಪೋರ್ಟ್ ಇಲ್ಲ. ಬಂದವನು ಠಾಣೆಯಲ್ಲಿ ಹೆಸರು ಬರೆಸಿಲ್ಲ. ಅವನನ್ನು ಕರೆದೊಯ್ದು ಗಡಿಯಾಚೆಗೆ ಕಳಿಸಿಬಿಡುತ್ತಾರೆ.

ಅಷ್ಟೇ. ಬೆಂಕಿ ಇಲ್ಲ, ಕತ್ತಿ ಇಲ್ಲ, ಘೋಷಣೆ ಇಲ್ಲ. ದೇಶ ವಿಭಜನೆಯ ಬಗ್ಗೆ ಬಂದ ಚಿತ್ರಗಳಲ್ಲಿ ನಾವು ನಿರೀಕ್ಷಿಸುವ ಹೆಣ ತುಂಬಿದ ರೈಲು ಇಲ್ಲಿಲ್ಲ. ಇಲ್ಲಿರುವುದು ಒಂದು ಕಾಗದ ಇಲ್ಲದಿರುವುದು ಮಾತ್ರ. ಬಂದ ಪೊಲೀಸನು ದುಷ್ಟನೂ ಅಲ್ಲ. ಅವನ ಕೈಯಲ್ಲಿ ಒಂದು ರಿಜಿಸ್ಟರ್ ಇದೆ, ಅದರಲ್ಲಿ ಈ ಹುಡುಗನ ಹೆಸರಿಲ್ಲ. ನಿನ್ನೆಯವರೆಗೆ ಮನೆಮಗನಾಗಿದ್ದವನು, ಅದೇ ಮನೆಯಲ್ಲಿ, ಅದೇ ಬಟ್ಟೆಯಲ್ಲಿ, ಪರದೇಶದವನಾಗಿಬಿಡುತ್ತಾನೆ. ಗಡಿ ಎಂಬುದು ಮುಳ್ಳುತಂತಿಯಲ್ಲ, ಕಾಗದ ಎಂಬ ಸತ್ಯವನ್ನು ಭಾರತೀಯ ಸಿನಿಮಾ ಇಷ್ಟು ಶಾಂತವಾಗಿ ಬೇರೆಲ್ಲೂ ಹೇಳಿದ್ದನ್ನು ನಾನು ಕಂಡಿಲ್ಲ.

ಸತ್ಯು ಮೈಸೂರಿನವರು. 1930ರಲ್ಲಿ ಅಲ್ಲಿ ಹುಟ್ಟಿದವರು. ಇಸ್ಮತ್ ಚುಗ್ತಾಯ್ ಅವರ ಕಥೆಯನ್ನು ಆಧರಿಸಿ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕಥೆ ಬರೆದರು. ಸಲೀಂ ಮಿರ್ಜಾನಾಗಿ ನಟಿಸಿದ ಬಲರಾಜ್ ಸಾಹನಿ 1973ರ ಏಪ್ರಿಲ್‌ನಲ್ಲಿ, ಡಬ್ಬಿಂಗ್ ಕೆಲಸ ಮುಗಿಸಿದ ಬೆನ್ನಲ್ಲೇ ತೀರಿಕೊಂಡರು. ಗಲಭೆಯಾದೀತೆಂಬ ಭಯದಿಂದ ಚಿತ್ರವನ್ನು ತಿಂಗಳುಗಟ್ಟಲೆ ತಡೆದು ಇಡಲಾಗಿತ್ತು. ಕಡೆಗೆ ಅದು ಮೊದಲು ತೆರೆ ಕಂಡದ್ದು ಬೆಂಗಳೂರಿನಲ್ಲಿ. ಸಾಗರ್, ಸಂಗೀತ್ ಎಂಬ ಎರಡು ಚಿತ್ರಮಂದಿರಗಳಲ್ಲಿ ಯಾವ ಗಲಭೆಯೂ ಆಗದೆ ಜನ ಬಂದು ನೋಡಿದ ಮೇಲೆ ದೇಶದ ಉಳಿದೆಡೆಗೆ ದಾರಿ ತೆರೆಯಿತು. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಬಂತು. ಹೀಗೆ ಮಾಡಿದವನೂ ಕನ್ನಡಿಗ, ಮೊದಲು ಬರಮಾಡಿಕೊಂಡವರೂ ಕನ್ನಡ ನಾಡಿನ ಪ್ರೇಕ್ಷಕರು. ಆದರೂ ನಾವು ಅದನ್ನು ಆಗ್ರಾದ ಕಥೆ, ಉತ್ತರದವರ ಕಥೆ ಎಂದೇ ನೋಡುತ್ತಾ ಬಂದಿದ್ದೇವೆ. ‘ವಿಭಜನೆ ನಮ್ಮ ಕಡೆ ಆಗಲಿಲ್ಲ’ ಎಂಬುದು ಕನ್ನಡದ ವಿಮರ್ಶೆ ಮತ್ತೆ ಮತ್ತೆ ಹೇಳಿಕೊಂಡು ಬಂದ ಸಮಾಧಾನದ ಮಾತು. ಈ ಮಾತು ಎಷ್ಟು ನಿಜ?

ಕೃಷ್ಣರಾಜಪೇಟೆ ತಾಲೂಕಿನ ಸಿಂಧಘಟ್ಟ ನನ್ನ ಊರು. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣನ ಗುಡಿ ಇರುವ ಊರು. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ಇಲ್ಲಿನ ಮಸೀದಿಗೆ ದತ್ತಿ ಬಿಟ್ಟದ್ದನ್ನು ಹೇಳುವ ಶಾಸನವೂ ಇದೆ. ಇಂಥ ಊರಿಗೆ ವಿಭಜನೆಯ ಕಿಡಿ ತಾಗಲಿಲ್ಲ ಎನ್ನುವುದು ಸರಿಯೇ. ಒಂದು ಮನೆಯ ಹೆಂಚೂ ಒಡೆಯಲಿಲ್ಲ. ಆದರೆ ನನ್ನ ಅಬ್ಬಾನ ತಂಗಿ, ನಾವೆಲ್ಲ ಚೋಟಿ ಫುಪ್ಪು ಎನ್ನುತ್ತಿದ್ದವರು, 1951ರಲ್ಲಿ ಮದುವೆಯಾಗಿ ಮುಂಬಯಿಯಿಂದ ಹಡಗು ಹತ್ತಿ ಕರಾಚಿಗೆ ಹೋದರು. ಗಂಡನಿಗೆ ಅಲ್ಲಿ ಕೆಲಸವಿತ್ತು. ಹೋದದ್ದು ಗಂಡನ ಮನೆಗೆ, ಬೇರೆ ದೇಶಕ್ಕೆ ಎಂದು ಅವರು ಅಂದುಕೊಂಡೇ ಇರಲಿಲ್ಲ. ಭಾರತ ಮತ್ತು ಪಾಕಿಸ್ತಾನದ ನಡುವೆ 1948ರ ಜುಲೈಯಿಂದ ಪರ್ಮಿಟ್ಟಿನ ಪದ್ಧತಿ ಬಂದಿತ್ತು. 1952ರ ಅಕ್ಟೋಬರಿನಲ್ಲಿ ಪಾಸ್‌ಪೋರ್ಟ್ ಮತ್ತು ವೀಸಾ ಕಡ್ಡಾಯವಾಯಿತು. ಮದುವೆಯಾಗಿ ಒಂದು ವರ್ಷದೊಳಗೆ ಫುಪ್ಪು, ತಾನು ಹುಟ್ಟಿದ ಊರಿಗೆ ಪರದೇಶದ ಪಾಸ್‌ಪೋರ್ಟ್ ತೋರಿಸಿ ಅನುಮತಿ ಕೇಳಬೇಕಾದವರಾದರು.

1965ರ ಯುದ್ಧ, 1971ರ ಯುದ್ಧ. ನಡುವೆ ಕಾಗದಗಳೂ ನಿಂತವು. 1974ರಲ್ಲಿ ಎರಡೂ ಸರಕಾರಗಳ ನಡುವೆ ವೀಸಾ ಒಪ್ಪಂದವಾಯಿತು. 1976ರಲ್ಲಿ ಸಂಝೌತಾ ಎಕ್ಸ್‌ಪ್ರೆಸ್ ಓಡತೊಡಗಿತು. ಫುಪ್ಪು ಬಂದದ್ದು 1982ರಲ್ಲಿ. ಲಾಹೋರ್, ಅಟ್ಟಾರಿ, ದೆಹಲಿ, ಬೆಂಗಳೂರು ದಾಟಿ ಮೂವತ್ತೊಂದು ವರ್ಷಗಳ ಮೇಲೆ ಸಿಂಧಘಟ್ಟದ ಕೆರೆ ಏರಿಯ ಮೇಲೆ ಬಸ್ಸಿಳಿದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಬಂದು ಕೈಕಾಲು ತೊಳೆಯುವಷ್ಟರಲ್ಲಿ ಊರಿನ ಪರಿಚಯದ ಪೇದೆಯೊಬ್ಬರು ಬಾಗಿಲಲ್ಲಿ ನಿಂತಿದ್ದರು. ‘ಸಾಬ್ರೇ, ಅಕ್ಕೋರು ಬಂದವ್ರಂತಲ್ಲ. ಇಪ್ಪತ್ನಾಕು ಗಂಟೆ ಒಳಗೆ ಹೆಸ್ರು ಬರಿಸ್ಬುಡಿ. ಆಮೇಲೆ ನಿಮ್ಗೂ ತೊಂದ್ರೆ, ನಮ್ಗೂ ತೊಂದ್ರೆ’ ಎಂದರು. ಕಾಫಿ ಕುಡಿದು ಹೋದರು. ಅವರಲ್ಲಿ ಒರಟುತನವಿರಲಿಲ್ಲ, ಬದಲಿಗೆ ಸಂಕೋಚವಿತ್ತು. ಮುಂದೆ ‘ಗರ್ಮ್ ಹವಾ’ ನೋಡಿದಾಗ ಮದುವೆ ಮನೆಗೆ ಬಂದ ಪೊಲೀಸನ ಜಾಗದಲ್ಲಿ ನನಗೆ ಕಂಡದ್ದು ಇದೇ ಮನುಷ್ಯ.

ಪಾಕಿಸ್ತಾನದವರಿಗೆ ಕೊಡುತ್ತಿದ್ದ ವೀಸಾ ದೇಶಕ್ಕೆ ಕೊಡುವ ವೀಸಾ ಅಲ್ಲ, ಊರುಗಳಿಗೆ ಕೊಡುವ ವೀಸಾ. ಅದರ ಮೇಲೆ ಬರೆದ ಊರುಗಳನ್ನು ಬಿಟ್ಟು ಬೇರೆಡೆ ಕಾಲಿಡುವಂತಿಲ್ಲ. ಫುಪ್ಪುವಿನ ವೀಸಾದಲ್ಲಿ ಬೆಂಗಳೂರು, ಮಂಡ್ಯ ಎಂದಿತ್ತು. ಅರ್ಜಿ ಹಾಕುವಾಗ ಅಷ್ಟು ಸಾಕಾಗಿತ್ತು. ಆದರೆ ಅವರು ಬರುವ ವೇಳೆಗೆ ಅವರ ಅಕ್ಕ, ನಮ್ಮ ಬಡೀ ಫುಪ್ಪು, ಕಾಯಿಲೆಯಾಗಿ ಮೈಸೂರಿನ ಆಸ್ಪತ್ರೆ ಸೇರಿದ್ದರು. ಇನ್ನೊಂದು ಊರನ್ನು ಸೇರಿಸಿಕೊಡಲು ಅರ್ಜಿ ಕೊಡಬಹುದು, ಉತ್ತರ ಬರಲು ದಿನ ಹಿಡಿಯುತ್ತದೆ ಎಂದರು. ದಿನಗಳು ಇರಲಿಲ್ಲ.

ಶ್ರೀರಂಗಪಟ್ಟಣ ಮಂಡ್ಯ ಜಿಲ್ಲೆಯ ಕೊನೆ. ಅಲ್ಲಿಂದ ಮೈಸೂರು ಹದಿನೈದು ಕಿಲೋಮೀಟರ್. ಚೋಟಿ ಫುಪ್ಪುವನ್ನು ಅಲ್ಲಿಯವರೆಗೆ ಕರೆದುಕೊಂಡು ಹೋದೆವು. ಬಡೀ ಫುಪ್ಪುವನ್ನು ಡಾಕ್ಟರ ಕೈಕಾಲು ಹಿಡಿದು ಒಂದು ಕಾರಿನಲ್ಲಿ ಮಲಗಿಸಿ ಆ ಕಡೆಯಿಂದ ತಂದರು. ಗುಂಬಜಿನ ತೋಟದಲ್ಲಿ, ಟೀಪೂ ಸುಲ್ತಾನರು ಮಲಗಿರುವ ಕಡೆ, ಅಕ್ಕತಂಗಿಯರು ಎರಡು ಗಂಟೆ ಕೂತಿದ್ದರು. ಆರೋಗ್ಯವಾಗಿದ್ದವರು ದಾಟುವಂತಿರಲಿಲ್ಲವಾದ್ದರಿಂದ ಕಾಯಿಲೆಯವರು ದಾಟಿ ಬರಬೇಕಾಯಿತು. ಅದೇ ವರ್ಷ ಬಡೀ ಫುಪ್ಪು ತೀರಿಕೊಂಡರು. ಚೋಟಿ ಫುಪ್ಪು ಮತ್ತೆ ಬರಲಿಲ್ಲ. 1994ರ ಕೊನೆಗೆ ಕರಾಚಿಯ ಭಾರತೀಯ ದೂತಾವಾಸದ ಕಚೇರಿಯೇ ಮುಚ್ಚಿತು. ಆಮೇಲೆ ಕರಾಚಿಯವರು ವೀಸಾಕ್ಕೆ ಇಸ್ಲಾಮಾಬಾದಿನ ಕಡೆಗೇ ಮುಖ ಮಾಡಬೇಕಾಯಿತು.

ಈ ನೆನಪನ್ನು ಇಟ್ಟುಕೊಂಡು ಚಿತ್ರವನ್ನು ಮತ್ತೆ ನೋಡಿದರೆ ಅದರ ಬಲವೂ ಕಾಣುತ್ತದೆ, ಅದರ ಕೊರತೆಯೂ ಕಾಣುತ್ತದೆ.

ಬಲದ ಮಾತು ಮೊದಲು. ಚಿತ್ರದಲ್ಲಿ ಕಾಗದ ಎಲ್ಲೆಲ್ಲಿ ಬರುತ್ತದೆ ನೋಡಿ. ಹವೇಲಿ ಅಣ್ಣನ ಹೆಸರಿನಲ್ಲಿತ್ತು. ಅವನು ಹೋದ ಕಾರಣಕ್ಕೆ ಅದು ‘ಬಿಟ್ಟು ಹೋದವರ ಆಸ್ತಿ’ಯಾಗಿ, ಸಿಂಧ್‌ನಿಂದ ಎಲ್ಲ ಕಳೆದುಕೊಂಡು ಬಂದ ಅಜ್ಮಾನಿಯ ಪಾಲಾಗುತ್ತದೆ. ಹವೇಲಿಯ ನಕ್ಷೆಯನ್ನು ಕರಾಚಿಯ ಅಣ್ಣನಿಗೆ ಕಳಿಸಿದ್ದಕ್ಕೆ ಸಲೀಂ ಮಿರ್ಜಾನ ಮೇಲೆ ಬೇಹುಗಾರಿಕೆಯ ಮೊಕದ್ದಮೆ ಬೀಳುತ್ತದೆ. ಬ್ಯಾಂಕಿನವರು, ಸಾಹುಕಾರರು ಸಾಲ ಕೊಡುವುದಿಲ್ಲ. ‘ನೀವು ಯಾವಾಗ ಹೊರಡುತ್ತೀರೋ ಏನೋ’ ಎಂಬ ಅನುಮಾನ. ಎಲ್ಲ ಕಡೆಯೂ ಮನುಷ್ಯನ ಮಾತಿಗಿಂತ ಅವನ ಕಾಗದ ದೊಡ್ಡದಾಗುತ್ತದೆ. ಕಾಜಿಮ್‌ನ ಬಂಧನ ಈ ಸರಣಿಯ ತುದಿ. ಮನೆಗೆ ಹತ್ತಿರದವನೂ ಕಾಗದವಿಲ್ಲದೆ ಮನೆಯವನಲ್ಲ ಎಂಬಲ್ಲಿಗೆ ಅದು ಮುಟ್ಟುತ್ತದೆ.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯಿದೆ. ಕಾಜಿಮ್ ಹೋದ ಮೇಲೆ ಅಮೀನಾ ಬಹಳ ಕಾಲದ ನಂತರ ಇನ್ನೊಬ್ಬ ನೆಂಟ ಶಂಶಾದ್‌ನನ್ನು ನೆಚ್ಚುತ್ತಾಳೆ. ಅವನ ಕುಟುಂಬವೂ ಪಾಕಿಸ್ತಾನಕ್ಕೆ ಹೋಗುತ್ತದೆ. ಮುಂದೆ ಶಂಶಾದನ ತಾಯಿ ಆಗ್ರಾಕ್ಕೆ ಭೇಟಿಗೆ ಬರುತ್ತಾಳೆ. ಮದುವೆಯ ಬಟ್ಟೆಬರೆ ಕೊಳ್ಳಲು ಅಮೀನಾಳನ್ನೇ ಜತೆಗೆ ಕರೆದೊಯ್ಯುತ್ತಾಳೆ. ಆ ಬಟ್ಟೆ ತನಗೇ ಎಂದು ಹುಡುಗಿ ನಂಬಿರುತ್ತಾಳೆ. ಮಗನಿಗೆ ಅಲ್ಲಿ ಬೇರೆ ಹುಡುಗಿ ಗೊತ್ತಾಗಿದೆ ಎಂದು ತಿಳಿದ ದಿನ ಮದುವಣಗಿತ್ತಿಯ ಉಡುಪು ತೊಟ್ಟು ಪ್ರಾಣ ಕಳೆದುಕೊಳ್ಳುತ್ತಾಳೆ. ಗಮನಿಸಿ: ಪ್ರೀತಿಯಿಂದ ಬಂದವನ ಬಳಿ ಕಾಗದವಿರಲಿಲ್ಲ, ಅವನನ್ನು ಅಟ್ಟಿದರು. ಬಾಜಾರಿಗೆ ಬಂದವಳನ್ನು ಯಾರೂ ತಡೆಯಲಿಲ್ಲ, ಅವಳು ಮನೆಯ ಮಗಳನ್ನು ಮುಗಿಸಿ ಹೋದಳು. ದಸ್ತಾವೇಜು ಸರಿಯಿದ್ದ ಮಾತ್ರಕ್ಕೆ ಬಂದವರು ಒಳ್ಳೆಯವರಲ್ಲ, ಇಲ್ಲದ ಮಾತ್ರಕ್ಕೆ ಕೆಟ್ಟವರಲ್ಲ. ಈ ಮಾತನ್ನು ಚಿತ್ರ ಬಾಯಿ ಬಿಟ್ಟು ಹೇಳುವುದಿಲ್ಲ. ಎರಡು ಭೇಟಿಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನಿರುತ್ತದೆ.

ಇನ್ನು ಕೊರತೆ. ಪೊಲೀಸರು ಕರೆದೊಯ್ದ ಮೇಲೆ ಕಾಜಿಮ್ ಚಿತ್ರದಿಂದಲೇ ಕಾಣೆಯಾಗುತ್ತಾನೆ. ಅವನು ಅಲ್ಲಿ ಏನಾದ, ಮತ್ತೆ ಬರಲು ಪ್ರಯತ್ನಪಟ್ಟನೇ, ಯಾವ ಬಾಗಿಲಲ್ಲಿ ಕಾದ ಎಂಬುದು ನಮಗೆ ತಿಳಿಯುವುದಿಲ್ಲ. ಗಡಿಯಾಚೆಗೆ ಹೋದವನು ಕಥೆಯಾಚೆಗೂ ಹೋದ. ಇಲ್ಲಿ ಚಿತ್ರ ತನಗೆ ಅರಿವಿಲ್ಲದೆಯೇ ಸರಕಾರದ ಕಣ್ಣಿನಿಂದ ನೋಡಿದಂತಾಗಿದೆ. ಉಳಿದವನು ನಾಯಕ, ಹೋದವನು ಒಂದೋ ಸ್ವಾರ್ಥಿ, ಇಲ್ಲವೇ ನೆನಪು. ಹಲೀಂ ಮಿರ್ಜಾನಂಥ ಬೂಟಾಟಿಕೆಯವರ ವಿಷಯದಲ್ಲಿ ಇದು ಸರಿ. ಆದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ವಿಷಯದಲ್ಲಿ? ಅವರು ‘ಹೋಗುವೆ, ಇರುವೆ’ ಎಂದು ತೀರ್ಮಾನ ಮಾಡಿದವರೇ ಅಲ್ಲ. ಅವರ ಪರವಾಗಿ ಇನ್ಯಾರೋ ನಿಕಾಹ್‌ನಾಮೆಗೆ ರುಜು ಹಾಕಿದಾಗ ಅವರ ದೇಶವೂ ತೀರ್ಮಾನವಾಯಿತು. ಸಲೀಂ ಮಿರ್ಜಾನ ಕೊನೆಯ ನಿರ್ಧಾರ, ಮೆರವಣಿಗೆಯಲ್ಲಿ ಬೆರೆತು ಇಲ್ಲಿಯವನಾಗಿಯೇ ಉಳಿಯುವುದು, ಘನವಾದದ್ದು. ಆದರೆ ಅದು ಉಳಿಯುವ ಆಯ್ಕೆ ಇದ್ದ ಗಂಡಸಿನ ಪರಿಹಾರ. ಅಮೀನಾಳಿಗೆ ಚಿತ್ರ ಕೊಡುವುದು ಸಾವನ್ನು ಮಾತ್ರ. ವೀಸಾದ ಭಾರವನ್ನು ಹೆಚ್ಚು ಹೊತ್ತವರು ಹೆಂಗಸರು ಎಂಬುದನ್ನು ತೋರಿಸಿದ ಚಿತ್ರವೇ, ಅವರಿಗೊಂದು ಮಾತು ಕೊಡುವುದನ್ನು ಮರೆತಿದೆ.

ಇಷ್ಟಾದರೂ ಇತ್ತೀಚಿನ ಜನಪ್ರಿಯ ಚಿತ್ರಗಳ ಪಕ್ಕದಲ್ಲಿಟ್ಟಾಗ ‘ಗರ್ಮ್ ಹವಾ’ದ ಪ್ರಾಮಾಣಿಕತೆ ಎದ್ದು ಕಾಣುತ್ತದೆ. 2015ರ ‘ಬಜರಂಗಿ ಭಾಯಿಜಾನ್’ ನಾಯಕ ವೀಸಾಕ್ಕೆ ಅಲೆಯುತ್ತಾನೆ, ಸಿಗುವುದಿಲ್ಲ, ಏಜೆಂಟನಿಂದ ಮೋಸ ಹೋಗುತ್ತಾನೆ. ಅಲ್ಲಿಯವರೆಗೆ ನಿಜ. ಆಮೇಲೆ ತಂತಿಬೇಲಿಯ ಕೆಳಗೆ ನುಸುಳಿ ಹೋಗಿ, ಆಚೆಯ ಸೈನಿಕರಿಂದ ಅನುಮತಿ ಪಡೆದೇ ಮುಂದೆ ಹೋಗುತ್ತೇನೆಂದು ಹಟ ಹಿಡಿಯುತ್ತಾನೆ. ಕೊನೆಗೆ ಜನಸಾಗರವೇ ಗಡಿಯ ಗೇಟಿನ ಮೇಲೆ ನುಗ್ಗುತ್ತದೆ. ಚಿತ್ರಮಂದಿರದಲ್ಲಿ ನಾನೂ ಕಣ್ಣೊರೆಸಿಕೊಂಡೆ. ಆದರೆ ಹೊರಗೆ ಬಂದ ಮೇಲೆ ಅನ್ನಿಸಿದ್ದು: ಒಳ್ಳೆಯ ಮನಸ್ಸಿದ್ದರೆ ಗೇಟು ತೆರೆಯುತ್ತದೆ ಎಂಬುದು ಚೆಂದದ ಸುಳ್ಳು. ಗುಂಬಜಿನ ತೋಟದಲ್ಲಿ ಕೂತಿದ್ದ ಅಕ್ಕತಂಗಿಯರ ಮನಸ್ಸಿನಲ್ಲಿ ಯಾವ ಕೊರತೆಯಿತ್ತು? ಇಂಥ ಚಿತ್ರಗಳು ಕಾನೂನನ್ನು ಕಣ್ಣೀರಿನಲ್ಲಿ ಕರಗಿಸಿಬಿಡುತ್ತವೆ. ಸತ್ಯು ಕರಗಿಸುವುದಿಲ್ಲ. ಕಾಗದವನ್ನು ಕಾಗದವಾಗಿಯೇ ಉಳಿಸುತ್ತಾರೆ.

ಇದೆಲ್ಲ ಹಳೆಯ ಕಥೆ ಎನ್ನುವಂತಿಲ್ಲ. ಚೋಟಿ ಫುಪ್ಪುವಿನ ಮೊಮ್ಮಗನೊಬ್ಬ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವನು. ಅವನ ಕೈಯಲ್ಲಿರುವುದು ಬ್ರಿಟನ್ನಿನ ಪಾಸ್‌ಪೋರ್ಟು. ಕರಾಚಿಯನ್ನು ಅವನು ಎರಡು ಸಲ ನೋಡಿದ್ದಾನಷ್ಟೆ. 2024ರಲ್ಲಿ ದಾದಿಯ ಊರು ನೋಡಬೇಕೆಂದು ಆಸೆಪಟ್ಟು ಅರ್ಜಿ ತುಂಬಲು ಕೂತ. ಭಾರತದ ವೀಸಾ ಅರ್ಜಿಯಲ್ಲಿ ಒಂದು ಪ್ರಶ್ನೆಯಿದೆ: ನಿಮ್ಮ ತಂದೆತಾಯಿ, ಅಜ್ಜ ಅಜ್ಜಿಯರಲ್ಲಿ ಯಾರಾದರೂ ಪಾಕಿಸ್ತಾನದ ಪ್ರಜೆಗಳಾಗಿದ್ದರೇ? ಹೌದು ಎಂದರೆ, ಮನೆಯಲ್ಲೇ ಕೂತು ಪಡೆಯುವ ಇ–ವೀಸಾ ಅವನಿಗಿಲ್ಲ. ದೂತಾವಾಸದ ಮೂಲಕ ಮಾಮೂಲಿ ವೀಸಾಕ್ಕೆ ಅರ್ಜಿ ಹಾಕಿ ಕಾಯಬೇಕು. ಅವನ ಜತೆಯಲ್ಲಿ ಕೆಲಸ ಮಾಡುವ, ಅದೇ ಬಣ್ಣದ ಪಾಸ್‌ಪೋರ್ಟ್ ಇರುವ ಇಂಗ್ಲಿಷಿನವನೊಬ್ಬ ಕೆಲವೇ ದಿನಗಳಲ್ಲಿ ಇ–ವೀಸಾ ಪಡೆದು ಹಂಪಿ ನೋಡಿ ಬಂದ. ಸಿಂಧಘಟ್ಟದ ಮೊಮ್ಮಗ ತಿಂಗಳುಗಟ್ಟಲೆ ಕಾದ.

ಸಾಗರೋತ್ತರ ಭಾರತೀಯ ಪೌರತ್ವದ ಕಾರ್ಡು, ಅಂದರೆ ಒಸಿಐ, ಕೂಡ ಅವನಿಗೆ ಸಿಗುವುದಿಲ್ಲ. ಪೌರತ್ವ ಕಾಯ್ದೆಯ ಪ್ರಕಾರ ತಾನು ಮಾತ್ರವಲ್ಲ, ತಂದೆತಾಯಿ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿಯರಲ್ಲಿ ಒಬ್ಬರು ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೂ ಆ ಕಾರ್ಡಿಗೆ ಅರ್ಹತೆಯಿಲ್ಲ. ಅಂದರೆ 1951ರಲ್ಲಿ ಹಡಗು ಹತ್ತಿದ ಹೆಣ್ಣುಮಗಳ ಮೊಮ್ಮಗನ ಮಗನವರೆಗೂ ಈ ಗೆರೆ ಎಳೆದಿದೆ. ಪಾಸ್‌ಪೋರ್ಟ್ ಬದಲಾದರೂ ಪಾಸ್‌ಪೋರ್ಟಿನ ಹಿಂದಿನ ಪಾಸ್‌ಪೋರ್ಟ್ ಬದಲಾಗುವುದಿಲ್ಲ. ಕಾಜಿಮ್‌ಗೆ ಕಾಗದವಿರಲಿಲ್ಲ, ಇವನಿಗೆ ಜಗತ್ತಿನ ಬಲವಾದ ಕಾಗದಗಳಲ್ಲೊಂದು ಇದೆ. ಆದರೂ ಇಬ್ಬರೂ ನಿಂತಿರುವುದು ಅದೇ ಹೊಸ್ತಿಲ ಆಚೆ.

ಗಡಿಗಳೇ ಇರಬಾರದೆಂದು ನಾನು ವಾದಿಸುತ್ತಿಲ್ಲ. 2025ರ ಏಪ್ರಿಲ್ 22ರಂದು ಪಹಲ್‌ಗಾಮ್‌ನಲ್ಲಿ 26 ಮಂದಿಯನ್ನು ಕೊಂದವರ ಪಾಪಕ್ಕೆ ಯಾವ ಸಮರ್ಥನೆಯೂ ಇಲ್ಲ. ತನ್ನ ಜನರನ್ನು ಕಾಯುವುದು ಸರಕಾರದ ಹೊಣೆ. ಆದರೆ ಆ ದಾಳಿಯ ನಂತರ ಏನಾಯಿತೆಂಬುದನ್ನೂ ಕಾಣಬೇಕು. ಪಾಕಿಸ್ತಾನದವರಿಗೆ ಕೊಟ್ಟಿದ್ದ ವೀಸಾಗಳನ್ನು ಏಪ್ರಿಲ್ 27ರಿಂದ ರದ್ದು ಮಾಡಲಾಯಿತು. ಚಿಕಿತ್ಸೆಗೆ ಬಂದವರಿಗೆ 29ರವರೆಗೆ ಅವಕಾಶ. ಪಾಕಿಸ್ತಾನವೂ ಭಾರತೀಯರಿಗೆ ಕೊಟ್ಟಿದ್ದ ಸಾರ್ಕ್ ಯೋಜನೆಯ ವೀಸಾಗಳನ್ನು, ಸಿಖ್ ಯಾತ್ರಿಕರನ್ನು ಬಿಟ್ಟು, ತಡೆಹಿಡಿಯಿತು. ಅಟ್ಟಾರಿಯಲ್ಲಿ ತಾಯಿಯ ಕೈಯಲ್ಲಿ ಭಾರತದ ಪಾಸ್‌ಪೋರ್ಟ್, ಮಕ್ಕಳ ಹೆಸರಿನಲ್ಲಿ ಪಾಕಿಸ್ತಾನದ ಪಾಸ್‌ಪೋರ್ಟ್. ಮಕ್ಕಳು ಹೋಗಬೇಕು, ತಾಯಿ ಉಳಿಯಬೇಕು. ಮೈಸೂರಿನ ತಾಯಿಯೊಬ್ಬರ ಮಕ್ಕಳ ವಿಷಯ ನಮ್ಮ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಮದುವೆಯಾಗಿ ಬಂದು ಭಟ್ಕಳದಲ್ಲಿ ನೆಲೆಸಿರುವ ಪಾಕಿಸ್ತಾನ ಮೂಲದ ಹೆಂಗಸರು ದೀರ್ಘಾವಧಿ ವೀಸಾ ಇದ್ದ ಕಾರಣಕ್ಕೆ ಉಳಿದುಕೊಂಡರು. ವಿಭಜನೆ ನಮ್ಮ ಕಡೆ ಆಗಲಿಲ್ಲ ಎನ್ನುವವರು ಭಟ್ಕಳದ, ಮೈಸೂರಿನ ಈ ಮನೆಗಳನ್ನು ಯಾವ ನಕ್ಷೆಯಲ್ಲಿ ಇಡುತ್ತಾರೆ?

ಕಡೆಯದಾಗಿ ನಮ್ಮವರ ಬಗ್ಗೆಯೇ ಒಂದು ಮಾತು. ಈ ಕಥೆಗಳು ಕನ್ನಡದಲ್ಲಿ ಬರದೆ ಹೋದದ್ದಕ್ಕೆ ಕನ್ನಡದ ವಿಮರ್ಶಕರನ್ನಷ್ಟೇ ದೂರಿದರೆ ಸಾಲದು. ನಾವೇ ಹೇಳಲಿಲ್ಲ. ‘ಕರಾಚಿ’ ಎಂಬ ಪದವನ್ನು ನಮ್ಮ ಮನೆಗಳಲ್ಲಿ ದನಿ ತಗ್ಗಿಸಿ ಆಡುತ್ತೇವೆ. ಮಕ್ಕಳಿಗೆ ‘ಹೊರಗೆ ಹೇಳಬೇಡ’ ಎಂದು ಕಲಿಸುತ್ತೇವೆ. ಯಾರಾದರೂ ಬಂದಾಗ ಆಲ್ಬಮ್ಮಿನ ಒಂದೆರಡು ಫೋಟೋಗಳನ್ನು ತೆಗೆದಿಡುತ್ತೇವೆ. ಒಂದು ನಕ್ಷೆ ಕಳಿಸಿದ್ದಕ್ಕೆ ಸಲೀಂ ಮಿರ್ಜಾನಿಗೆ ಆದದ್ದು ನಮಗೂ ಆದೀತೆಂಬ ಭಯ ಅದು, ಸುಳ್ಳು ಭಯವೂ ಅಲ್ಲ. ಆದರೆ ಭಯದಿಂದ ಮುಚ್ಚಿಟ್ಟ ನೆಂಟಸ್ತನ ಕ್ರಮೇಣ ಅಪರಾಧದಂತೆ ಕಾಣತೊಡಗುತ್ತದೆ; ಮೊದಲು ಬೇರೆಯವರಿಗೆ, ಆಮೇಲೆ ನಮಗೇ. ಸಲೀಂ ಮಿರ್ಜಾ ನ್ಯಾಯಾಲಯದಲ್ಲಿ ಬಿಡುಗಡೆಯಾದ ಮೇಲೂ ರಸ್ತೆಯ ಜನರ ಕಣ್ಣಿನಲ್ಲಿ ಬಿಡುಗಡೆಯಾಗಲಿಲ್ಲ. ಅಂಥ ಕಣ್ಣುಗಳನ್ನು ಬದಲಿಸುವ ಕೆಲಸ ಮೌನದಿಂದ ಆಗುವುದಿಲ್ಲ.

ಮೈಸೂರಿನ ಒಬ್ಬ ಸತ್ಯು ಆಗ್ರಾದ ಮನೆಯೊಂದರ ಕಥೆ ಹೇಳಿದರು. ಸಿಂಧಘಟ್ಟ, ಭಟ್ಕಳ, ಶ್ರೀರಂಗಪಟ್ಟಣಗಳ ಮನೆಗಳ ಕಥೆಯನ್ನು ಹೇಳಬೇಕಾದವರು ನಾವು, ಕನ್ನಡದಲ್ಲಿ. ಅದರಲ್ಲಿ ಉಳಿದವರಷ್ಟೇ ಅಲ್ಲ, ಹೋದವರೂ ಇರಬೇಕು. ಕಾಜಿಮ್ ಆಮೇಲೆ ಏನಾದ ಎಂಬುದೂ ಬರಬೇಕು. ಮೊಮ್ಮಗನಿಗೆ ಇನ್ನೂ ವೀಸಾ ಬಂದಿಲ್ಲ. ಊರಿನ ಮನೆಯ, ಕೆರೆ ಏರಿಯ ಫೋಟೋ ತೆಗೆದು ಕಳಿಸಿ ಎಂದು ಮೊನ್ನೆ ಕೇಳಿದ. ಕಳಿಸುವ ಮುನ್ನ ಒಂದು ಕ್ಷಣ ಕೈ ತಡೆಯಿತು. ಸಲೀಂ ಮಿರ್ಜಾ ಕಳಿಸಿದ್ದೂ ಮನೆಯ ನಕ್ಷೆಯನ್ನೇ ಅಲ್ಲವೇ ಎಂದು ನೆನಪಾಯಿತು. ಆಮೇಲೆ ಕಳಿಸಿದೆ.